ಹೋಳಿಗೆ ಸುತ್ತಿ ಬಂದ ಮಹಾಪೂರ

ಗುರವ್ವ: ಇಳಸಬ್ಯಾಡೋ ಅಣ್ಣಾ! ಆ ತಿಜೋರಿ ಇಳಸಬ್ಯಾಡ! ಮೊದ್ಲ ಹೇಳು, ಮಾರ್ಚ್ ತಿಂಗಳಾಗ ಹೊಳಿ ಹೆಂಗ ಬರತೈತಿ?

ವೀರಪ್ಪ: ಹೆಂಗ ಬರತೈತಿ ಅಂತ ಹೊಳಿಗೇ ಕೇಳು. ಪೇಪರಿನ್ಯಾಗ ಬಂದೈತಿ, ನಾ ಬಂದೇನಿ.

(ಬೈಲಹೊಂಗಲದ ಮಡಿವಾಳೆಪ್ಪನ ಮನೆ. ಮಟಮಟ ಮಧ್ಯಾಹ್ನ. ಬಾಗಿಲಲ್ಲಿ ಒಂದು ಟೆಂಪೊ ನಿಂತಿದೆ. ಮಡಿವಾಳೆಪ್ಪನ ಹೆಂಡತಿ ಗುರವ್ವನ ಅಣ್ಣ ವೀರಪ್ಪ ರಾಮದುರ್ಗದಿಂದ ಮನೆಗೆ ಮನೆಯನ್ನೇ ಹೇರಿಕೊಂಡು ಬಂದಿದ್ದಾನೆ: ತಿಜೋರಿ, ಎರಡು ಮಂಚ, ಬೀಸುಕಲ್ಲು, ಗೋಡೆ ಗಡಿಯಾರ. ಬಾರದೆ ಉಳಿದವಳು ಹೆಂಡತಿ ರಾಯವ್ವ ಒಬ್ಬಳೇ. ಮುಂದಿನ ಬಸ್ಸಿಗೆ ಬರುತ್ತೇನೆ ಅಂದಳಂತೆ. ಆಕಾಶದಲ್ಲಿ ಅಂಗೈಯಷ್ಟು ಮೋಡವೂ ಇಲ್ಲ.)

ಮಡಿವಾಳೆಪ್ಪ: ಬೀಗರ, ಮೊನ್ನೆ ನಾನ ನವಿಲುತೀರ್ಥಕ್ಕ ಹೋಗಿದ್ದೆ. ಡ್ಯಾಮಿನ್ಯಾಗ ನೀರು ತಳ ಹತ್ತೈತಿ. ಬಿಡಾಕ ಅವರ ಕಡೆ ಏನೈತಿ?

ವೀರಪ್ಪ: ಮ್ಯಾಲ ಖಾನಾಪುರ ಕಡೆ ಮಳಿ ಸುರದಿರಬೇಕು.

ಮಡಿವಾಳೆಪ್ಪ: ಯಾವಾಗ?

ವೀರಪ್ಪ: ಪೇಪರಿನವರಿಗೆ ಗೊತ್ತಿರತೈತಿ. ಬೀಗರ, ಓಣಿಗೆಲ್ಲಾ ಪೇಪರ್ ಓದಿ ಹೇಳಾಂವ ನಾನು. ಮೂವತ್ತು ವರ್ಷದಾಗ ನನ್ನ ಸುದ್ದಿ ಒಂದೂ ಸುಳ್ಳಾಗಿಲ್ಲ. ಇವತ್ತೂ ಕಟ್ಟಿ ಮ್ಯಾಲ ನಿಂತು ಇಡೀ ಓಣಿಗೆ ಸಾರಿ ಬಂದೇನಿ: ‘ಗಂಟು ಕಟ್ರಿ, ಗುಡ್ಡಾ ಹತ್ರಿ!’

(ಅಂಗಿಯ ಒಳಕಿಸೆಯಿಂದ ಒಂದು ಹಾಳೆ ತೆಗೆದು ಬಿಡಿಸುತ್ತಾನೆ. ಹಾಳೆ ಮೆತ್ತಗಾಗಿ ಜೋತಾಡುತ್ತಿದೆ.)

ವೀರಪ್ಪ (ಗಂಟಲು ಸರಿಮಾಡಿಕೊಂಡು): ‘ಮಲಪ್ರಭೆಗೆ ಭಾರಿ ನೀರು: ನದಿ ದಂಡೆಯ ಜನರಿಗೆ ಎಚ್ಚರಿಕೆ.’ ಕೇಳಿದ್ರಿಲ್ಲೊ? ಅದರ ಕೆಳಗ: ‘ಗಗನಕ್ಕೇರಿದ ಈರುಳ್ಳಿ ಬೆಲೆ.’

ಗುರವ್ವ: ಅದಕ್ಕ ಈ ಮೂರು ಚೀಲ ಉಳ್ಳಾಗಡ್ಡಿ ಹೇರಿಕೊಂಡು ಬಂದಿಯೇನು?

ವೀರಪ್ಪ: ಮತ್ತ! ಬಂಗಾರ ಮನ್ಯಾಗ ಬಿಟ್ಟು ಬರತಾರೇನು?

ಮಡಿವಾಳೆಪ್ಪ: ನಮ್ಮ ಪ್ಯಾಟ್ಯಾಗ ಉಳ್ಳಾಗಡ್ಡಿ ಯಾರೂ ಮೂಸಿ ನೋಡವಲ್ರು.

ವೀರಪ್ಪ: ನಿಮ್ಮ ಪ್ಯಾಟಿಗೆ ಪೇಪರ್ ತಡಾ ಬರತೈತಿ, ಕಾಣತೈತಿ. ಇನ್ನೊಂದು ಕೇಳ್ರಿ: ‘ಕಿತ್ತೂರು ಸುತ್ತಮುತ್ತ ಚಿರತೆ ಪ್ರತ್ಯಕ್ಷ.’ ಅದಕ್ಕ ಯರಗಟ್ಟಿ ದಾಟಿದ ಕೂಡ್ಲೆ ಟೆಂಪೊದ ಗಾಜು ಏರಸಿದ್ವಿ. ಇಲ್ಲಿಗೆ ಬಂದ ಮ್ಯಾಲ ಇಳಿಸೇವಿ.

(ಟೆಂಪೊ ಡ್ರೈವರ್ ಬೇವಿನ ಗಿಡದ ಕೆಳಗೆ ಬೆವರಿಗೆ ತೊಯ್ದ ಅಂಗಿ ಹಿಂಡುತ್ತಿದ್ದಾನೆ.)

ಮಡಿವಾಳೆಪ್ಪ: ಕಿತ್ತೂರ ನಮ್ಮೂರ ಆಚೆ ಐತಲ್ಲರಿ. ನೀವು ಬಂದದ್ದು ಈಚೆ ಕಡಿಯಿಂದ.

ವೀರಪ್ಪ: ಈಚೆ ಬರಾಕ ಚಿರತಿಗೇನು ಬಸ್ ಪಾಸ್ ಬೇಕೇನು?

(ಗುರವ್ವ ಹಾಳೆಯನ್ನು ಕಸಿದುಕೊಂಡು ಮೂಗಿಗೆ ಹಿಡಿಯುತ್ತಾಳೆ.)

ಗುರವ್ವ: ಅಣ್ಣಾ, ಇದು ಶೇಂಗಾ ಹೋಳಿಗಿ ವಾಸನಿ!

ವೀರಪ್ಪ: ಹೌದು. ನೀ ಮೊನ್ನೆ ಬಸ್ ಕಂಡಕ್ಟರ್ ಕೈಯಾಗ ಕಳಿಸಿದ್ದಿ. ಹೋಳಿಗಿ ಚಲೋ ಆಗಿದ್ವು.

ಗುರವ್ವ: ಹೋಳಿಗಿ ಸುತ್ತಿದ ಹಾಳಿ ಓದಿ ಊರು ಬಿಟ್ಟು ಬಂದಿ? ಯಪ್ಪಾ ಶಿವನ! ಯುಗಾದಿ ಬಂತಂತ ಅಡಗಿ ಮನ್ಯಾಗಿನ ಗ್ವಾಡಿ ಮಾಡ ಝಾಡಿಸಿದೆ. ಡಬ್ಬಿ ಕೆಳಗ ಹಾಸಿದ್ದ ಹಳೇ ಹಾಳಿ ತಗದು ಹೋಳಿಗಿ ಸುತ್ತಿದೆ. ತಾರೀಖು ನೋಡಬಾರದೇನು?

ವೀರಪ್ಪ: ತಾರೀಖಿನ ಮ್ಯಾಲ ನಿನ್ನ ತುಪ್ಪ ಕುಂತಿತ್ತು. ತುಪ್ಪ ಕಡಿಮಿ ಹಾಕು ಅಂತ ತಂಗಿಗೆ ಯಾವ ಅಣ್ಣ ಹೇಳತಾನ?

(ಮಡಿವಾಳೆಪ್ಪ ಹಾಳೆಯನ್ನು ಬಿಸಿಲಿಗೆ ಎತ್ತಿ ಹಿಡಿಯುತ್ತಾನೆ. ತುಪ್ಪ ಹತ್ತಿದ ಮೂಲೆಯಲ್ಲಿ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ.)

ಮಡಿವಾಳೆಪ್ಪ: ಆಗಸ್ಟ್ ತಿಂಗಳು, ಬೀಗರ. ಅದೂ ಏಳು ವರ್ಷದ ಹಿಂದಿಂದು. ಈ ನೀರು ಯಾವಾಗೋ ಸಮುದ್ರ ಸೇರೈತಿ.

(ವೀರಪ್ಪ ಇಳಿಸಿಟ್ಟ ಬೀಸುಕಲ್ಲಿನ ಮೇಲೆ ಕುಸಿದು ಕೂರುತ್ತಾನೆ. ಇಷ್ಟು ಹೊತ್ತು ಏರಿದ್ದ ಧ್ವನಿ ಪಾತಾಳಕ್ಕೆ ಇಳಿದಿದೆ. ಪಾಪ, ನಿಜವಾಗಿ ಹೆದರಿದ್ದಾನೆ.)

ವೀರಪ್ಪ: ಕೆಟ್ಟೆ, ಗುರವ್ವಾ. ಈಗ ನಮ್ಮ ಓಣಿ ಪರಪ್ಪ ಎಮ್ಮಿ ಹೊಡಕೊಂಡು ಗುಡ್ಡಾ ಹತ್ತಿರತಾನ. ಅವನ ಹಿಂದ ಮುದುಕ್ಯಾರು, ಮಕ್ಕಳು. ‘ಶಾಲೆಗಳಿಗೆ ರಜೆ’ ಅಂತ ಬ್ಯಾರೆ ಬರದಿತ್ತು. ಅದನ್ನೂ ಗಂಗಪ್ಪ ಮಾಸ್ತರಿಗೆ ಓದಿ ಹೇಳಿದೆ.

ಮಡಿವಾಳೆಪ್ಪ: ಮಾಸ್ತರರಾದ್ರೂ ತಾರೀಖು ಕೇಳಬೇಕಿತ್ತು.

ವೀರಪ್ಪ: ಸೂಟಿ ಅಂದ್ರ ತಾರೀಖು ಕೇಳೋ ಮಾಸ್ತರನ್ನ ನಾ ಇನ್ನೂ ನೋಡಿಲ್ಲ. ನಾಳಿಂದ ಓಣ್ಯಾಗ ನನ್ನ ಮಾತು ಯಾರು ಕೇಳತಾರ? ಪೇಪರ್ ಬಿಚ್ಚಿದ್ರ ನಾಯಿ ಸೈತ ಎದ್ದು ಹೋಗತೈತಿ.

(ಅಷ್ಟರಲ್ಲಿ ವೀರಪ್ಪನ ಫೋನ್ ರಿಂಗಾಗುತ್ತದೆ. ರಾಯವ್ವ. ವೀರಪ್ಪ ಮುಟ್ಟಲೊಲ್ಲ. ಗುರವ್ವ ಎತ್ತಿ ಸ್ಪೀಕರ್ ಹಾಕುತ್ತಾಳೆ.)

ರಾಯವ್ವ: ಊರು ಮುಟ್ಟಿದ್ರೇನು? ತಿಜೋರಿಗೆ ಪೆಟ್ಟು ಬಿದ್ದಿಲ್ಲಲ್ಲ?

ವೀರಪ್ಪ: ತಿಜೋರಿ ಹಾಳಾಗಿ ಹೋಗಲಿ. ಓಣಿ ಮಂದಿ ಗುಡ್ಡದ ಮ್ಯಾಲ ಅದಾರೇನು?

ರಾಯವ್ವ: ಯಾತಕ್ಕ? ಉಂಡು ಮಲಗ್ಯಾರ. ನಿಮ್ಮ ಟೆಂಪೊ ತಿರುವಿನ್ಯಾಗ ಮರೆ ಆದ ಕೂಡ್ಲೆ ನಾನ ಹೇಳಿದೆ, ಅದು ಹಳೇ ಪೇಪರ್ ಅಂತ.

ವೀರಪ್ಪ: ನಿನಗ ಗೊತ್ತಿತ್ತು?

ರಾಯವ್ವ: ಅದರಾಗ ಶ್ರಾವಣ ಸೋಮವಾರದ ಪೂಜಿ ಜಾಹೀರಾತು ಇತ್ತಲ್ಲರಿ. ಯುಗಾದಿ ಮುಂದ ಯಾವ ಶ್ರಾವಣ?

ವೀರಪ್ಪ: ಮತ್ತ ನನಗ್ಯಾಕ ಹೇಳಲಿಲ್ಲ?

(ಫೋನಿನಾಚೆ ಡಬ್ಬಿ ಬಡಿಯುವ ಸದ್ದು. ಯಾರೋ ಕೇಳುತ್ತಾರೆ: ‘ಅಕ್ಕಾರ, ಪಡಸಾಲಿಗೆ ನೀಲಿ ಹಚ್ಚೂದೋ, ಹಳದಿ ಹಚ್ಚೂದೋ?’)

ರಾಯವ್ವ: ಹಳದಿ ಹಚ್ಚೋ! ಕೇಳ್ರಿಲ್ಲೆ. ಒಂಬತ್ತು ಯುಗಾದಿ ಆತು, ಮನಿಗೆ ಬಣ್ಣ ಹಚ್ಚಸೂಣು, ತಿಜೋರಿ ಸರಸ್ರಿ ಅಂತ ನಾ ಬಡಕೊಳ್ಳಾಕ ಹತ್ತಿ. ನೀವು ಕುಂತಲ್ಲಿಂದ ಏಳಲಿಲ್ಲ. ಇವತ್ತ ಬೀಸುಕಲ್ಲು ಸೈತ ಒಬ್ಬರೇ ಹೊತ್ತು ಹಾಕಿದ್ರಿ. ಅಂಥಾ ಚಲೋ ಕೆಲಸದ ನಡುವ ನಾ ಬಾಯಿ ಹಾಕಲೇನು?

ವೀರಪ್ಪ: ನನ್ನ ಮರ್ಯಾದಿ?

ರಾಯವ್ವ: ಅದರ ಚಿಂತಿ ಬಿಡ್ರಿ. ನಾಕ್ ಮನಿ ಹೆಂಗಸರು ಆಗಲೇ ಬಂದು ಹೋಗ್ಯಾರ. ನೀವು ಬಂದ ಮ್ಯಾಲ ತಮ್ಮ ಗಂಡಂದಿರಿಗೂ ಅದ ಪೇಪರ್ ಓದಿ ಹೇಳಬೇಕಂತ. ಮೂರು ದಿನ ಅಲ್ಲೇ ಇರ್ರಿ. ಬಣ್ಣ ಆರಲಿ. ಹೊಳಿ ಇಳೀತು ಅಂತ ನಾನ ಫೋನ್ ಮಾಡತೇನಿ.

(ಫೋನ್ ಕಟ್ಟಾಗುತ್ತದೆ. ಮಡಿವಾಳೆಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಗುರವ್ವ ನಗುವುದಿಲ್ಲ. ತನ್ನ ಪಡಸಾಲೆಯ ಬಣ್ಣದ ಪೊರೆ ಎದ್ದ ಗೋಡೆಯನ್ನು ಒಮ್ಮೆ ನೋಡುತ್ತಾಳೆ, ಗಂಡನನ್ನು ಒಮ್ಮೆ ನೋಡುತ್ತಾಳೆ. ಆಮೇಲೆ ಆ ಹಾಳೆಯನ್ನು ನೀಟಾಗಿ ಮಡಚುತ್ತಾಳೆ.)

ಮಡಿವಾಳೆಪ್ಪ: ಅದನ್ಯಾಕ ಮಡಚಿ ಇಡಾಕ ಹತ್ತಿ? ಒಲಿಗೆ ಹಾಕು.

ಗುರವ್ವ: ಇರಲಿ ಬಿಡ್ರಿ. ನೀರಿನ ಸುದ್ದಿ ರಾಯವ್ವ ವೈನಿಗೆ ಉಪಯೋಗ ಆತು. ಚಿರತಿ ಸುದ್ದಿ ಇನ್ನೂ ಹಂಗ ಉಳದೈತಿ.