ಟೈರು ಯಾರದ್ದು?

ತಾಪತ್ರಯಕ್ಕೆಲ್ಲ ಮೂಲ ಒಂದು ಸ್ಟಾರು. ಆಕಾಶದ್ದಲ್ಲ, ಫೋನಿನದು. ಬೆಳಿಗ್ಗೆ ಹಲ್ಲುಜ್ಜುತ್ತ ಫೋನು ತೆರೆದ ಕನ್ನಡಕದವನಿಗೆ, ತಾನು ಮಾಡಿದ ಆಟದ ಕೆಳಗೆ ಐದು ಸ್ಟಾರು ಇರಬೇಕಾದ ಜಾಗದಲ್ಲಿ ಒಂಟಿ ಸ್ಟಾರೊಂದು ಕಾಣಿಸಿ, ಬಾಯಲ್ಲಿದ್ದ ನೊರೆ ಹಾಗೇ ಗಂಟಲಿಗಿಳಿಯಿತು.

ಕನ್ನಡಕದವನು ಅಂದರೆ ಪೇಟೆಯ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನು. ವಯಸ್ಸು ನಲವತ್ತು ದಾಟಿದೆ, ಬುದ್ಧಿ ಮಾತ್ರ ಇನ್ನೂ ಚಡ್ಡಿಯಲ್ಲೇ ಇದೆ ಅನ್ನುವುದು ಅವನ ಅಮ್ಮನ ಅಭಿಪ್ರಾಯ. ಅದಕ್ಕೆ ತಕ್ಕಂತೆ ಅವನು ವಿಡಿಯೋ ನೋಡಿ ನೋಡಿ ಆಟ ಕಟ್ಟುವ ವಿದ್ಯೆ ಕಲಿತು, ರಜೆಗಳನ್ನೆಲ್ಲ ಅದಕ್ಕೇ ಸುರಿದು, ಒಂದು ವಿಡಿಯೋ ಗೇಮ್ ಮಾಡಿಬಿಟ್ಟಿದ್ದ. ಅದರಲ್ಲಿ ಬಂದೂಕಿಲ್ಲ, ರಾಕ್ಷಸರಿಲ್ಲ. ಚಡ್ಡಿ ಹುಡುಗನೊಬ್ಬ ಹಳೇ ಸೈಕಲ್ ಟೈರನ್ನು ಕೋಲಿನಿಂದ ತಟ್ಟುತ್ತ ಬೀದಿಯ ಈ ತುದಿಯಿಂದ ಆ ತುದಿಗೆ ಓಡಬೇಕು, ಟೈರು ಬೀಳಬಾರದು. ಅಷ್ಟೇ ಆಟ.

ಬೀದಿ ಅವನದೇ ಬೀದಿ. ಈಗಿನದಲ್ಲ, ಆಗಿನದು. ಡಾಂಬರು ಕಾಣದ ಮಣ್ಣಿನ ದಾರಿ, ಸದಾ ಸೋರುವ ಬೀದಿ ನಲ್ಲಿ, ಸೀಮೆಸುಣ್ಣದಲ್ಲಿ ಗೀಚಿ ಗೀಚಿ ಬೆಳ್ಳಗಾದ ಗೋಡೆ, ಟೈಲರ್ ಅಂಗಡಿಯ ಕಾಲುಮಿಷಿನ್ನಿನ ಕಟಕಟ. ಟೈರಿನ ಮುಂದೆ ಇನ್ನೊಬ್ಬ ಹುಡುಗ ಬಾಯಲ್ಲೇ ಬೆಲ್ಲು ಹೊಡೆಯುತ್ತ, ಜನರನ್ನು ಸರಿಸುತ್ತ ಓಡುತ್ತಾನೆ. ಅವನೇ ಟ್ರಿಣ್.

ಟ್ರಿಣ್ ಕನ್ನಡಕದವನ ಬಾಲ್ಯದ ಪ್ರಾಣಸ್ನೇಹಿತ. ಟ್ರಿಣ್‌ನ ಅಪ್ಪ ಒಂದು ಬೇಸಿಗೆಯಲ್ಲಿ ಗಂಟುಮೂಟೆ ಕಟ್ಟಿಕೊಂಡು ಸಂಸಾರ ಸಮೇತ ಯಾವುದೋ ಊರಿಗೆ ಹೊರಟುಹೋದ. ಆಗ ಯಾರ ಮನೆಯಲ್ಲೂ ಫೋನಿರಲಿಲ್ಲ, ವಿಳಾಸ ಕೇಳಬೇಕೆಂಬ ಬುದ್ಧಿ ಹುಡುಗರಿಗಿರಲಿಲ್ಲ. ಆಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಆಟ ಮಾಡಿದ್ದೇ ಅವನಿಗಾಗಿ. ಎಲ್ಲೋ ಒಂದು ಕಡೆ ಟ್ರಿಣ್ ಈ ಆಟ ನೋಡಬೇಕು, ತನ್ನನ್ನು ತಾನು ಗುರುತಿಸಬೇಕು, ಎರಡಕ್ಷರ ಬರೆಯಬೇಕು. ಇದೇ ಕನ್ನಡಕದವನ ಆಸೆ.

ನೋಡಬೇಕೆಂದರೆ ಆಟ ಕಣ್ಣಿಗೆ ಬೀಳಬೇಕಲ್ಲ. ಆಟಗಳನ್ನು ಇಳಿಸಿಕೊಳ್ಳುವ ಆ ಆನ್‌ಲೈನ್ ಅಂಗಡಿಯಲ್ಲಿ ದಿನಕ್ಕೊಂದು ರಾಶಿ ಆಟ ಬಂದು ಬೀಳುತ್ತವೆ. ಶನಿವಾರ ಸಂಜೆಯೊಳಗೆ ಸರಾಸರಿ ನಾಲ್ಕು ಸ್ಟಾರು ದಾಟಿದ ಹೊಸ ಆಟಕ್ಕೆ ಮಾತ್ರ ಮುಖಪುಟ. ಉಳಿದದ್ದಕ್ಕೆ ಗೋತಾ. ಇವತ್ತೇ ಆ ಶನಿವಾರ, ಸರಾಸರಿ ನೋಡಿದರೆ ಮೂರೂವರೆಯಲ್ಲಿ ಕುಂಟುತ್ತಿದೆ.

ಅವನು ಅಂಗಡಿಯ ಯಜಮಾನರಿಗೆ ಫೋನ್ ಮಾಡಿ, "ಸಾರ್, ಇವತ್ತು ಬರಕ್ಕಾಗಲ್ಲ, ಕಣ್ಣುನೋವು" ಅಂದ.

"ಕಣ್ಣುನೋವಾದ್ರೆ ಇಲ್ಲಿಗೇ ಬರಬೇಕಲ್ಲಯ್ಯ" ಅಂದರು ಯಜಮಾನರು. ಅವನು ಸಿಗ್ನಲ್ ಇಲ್ಲದವನಂತೆ ಹಲೋ ಹಲೋ ಅಂದು ಇಟ್ಟುಬಿಟ್ಟ.

ಒಂಟಿ ಸ್ಟಾರಿನ ಕೆಳಗೆ ಬರೆದವರ ಹೆಸರಿರಲಿಲ್ಲ. ಆ ಆನ್‌ಲೈನ್ ಅಂಗಡಿಯಲ್ಲಿ ವಿಮರ್ಶೆ ಬರೆದವರಿಗೆಲ್ಲ ಒಂದೇ ಥರದ ಬೂದುಬಣ್ಣದ ಬೋಳು ತಲೆಯ ಚಿತ್ರ. ಆದರೆ ಬರಹ ಇತ್ತು: "ಬಹಳ ಚೆನ್ನಾಗಿದೆ. ಮಿಷಿನ್ ಸದ್ದು ಕೇಳಿ ಹೊಟ್ಟೆ ತುಂಬಿತು." ಮಿಷಿನ್ ಅಂದಮೇಲೆ ಇನ್ಯಾರು. ಚಪ್ಪಲಿ ಮೆಟ್ಟಿಕೊಂಡು ನೇರ ಟೈಲರ್ ಅಂಗಡಿಗೆ ನುಗ್ಗಿದ.

"ಅಣ್ಣಾ, ಇಷ್ಟು ಹೊಗಳಿ ಒಂದೇ ಸ್ಟಾರ್ ಯಾಕೆ ಕೊಟ್ರಿ?"

ಟೈಲರ್ ಬಾಯಲ್ಲಿದ್ದ ಗುಂಡುಪಿನ್ನು ತೆಗೆದ. "ಮತ್ತೆ? ನಿಂದು ಒಂದನೇ ನಂಬರ್ ಆಟ ಅಲ್ವಾ. ಎರಡು, ಮೂರು ಕೊಟ್ಟು ನಿನ್ನ ಹಿಂದೆ ಹಾಕ್ಲಾ?"

"ಅಣ್ಣಾ, ಇಲ್ಲಿ ಒಂದು ಅಂದ್ರೆ ಕೊನೆ. ಐದು ಅಂದ್ರೆ ಮೊದಲು."

"ಇದ್ಯಾವ ಸೀಮೆ ಲೆಕ್ಕವೋ. ಶಾಲೇಲಿ ಐದನೇ ರ್‍ಯಾಂಕ್ ಬಂದಾಗ ನಮ್ಮಪ್ಪ ಬೆಲ್ಟ್ ತಗೊಂಡಿದ್ರು" ಅಂದ ಟೈಲರ್. ಆದರೂ ಐದು ಒತ್ತಿದ. ಒತ್ತಿ, ಫೋನಿನಲ್ಲಿ ಆ ಕಟಕಟ ಸದ್ದನ್ನು ಇನ್ನೊಮ್ಮೆ ಹಾಕಿ ಕೇಳಿದ. ಅವನ ಕಾಲಡಿಯಲ್ಲಿ ಈಗಿರುವುದು ಕರೆಂಟ್ ಮಿಷಿನ್ನು. "ಹಳೇದನ್ನ ಗುಜರಿಗೆ ಹಾಕ್ಬಾರ್ದಿತ್ತು ಕಣೋ" ಅಂದ.

ಮುಂದಿನ ಮನೆ ಮೇಷ್ಟ್ರದು. ಅವರು ಕೊಟ್ಟದ್ದು ಮೂರು ಸ್ಟಾರು. ಜೊತೆಗೆ, "ಪ್ರಯತ್ನ ಮೆಚ್ಚತಕ್ಕದ್ದು. ಇನ್ನೂ ಶ್ರಮ ಬೇಕು" ಅಂತ ಬರೆದು, ಕೆಳಗೆ "ನಿವೃತ್ತ ಕನ್ನಡ ಅಧ್ಯಾಪಕ" ಎಂದು ಸಹಿಯನ್ನೂ ಹಾಕಿದ್ದರು.

"ಮೇಷ್ಟ್ರೇ, ಇನ್ನೆರಡು ಸ್ಟಾರ್ ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ?"

"ನಾನು ನನ್ನ ಸರ್ವಿಸ್ಸಿನಲ್ಲಿ ಯಾರಿಗೂ ಪೂರ್ತಿ ಅಂಕ ಕೊಟ್ಟವನಲ್ಲ. ನನ್ನ ಮಗಳಿಗೇ ಕೊಡಲಿಲ್ಲ. ಕೂತ್ಕೋ, ಇನ್ನೊಂದ್ಸಲ ಆಡಿ ನೋಡೋಣ."

ಆಡಿದರು. ಟೈರು ಶಾಲೆಯ ಮುಂದೆ ಬರುತ್ತಿದ್ದಂತೆ ಮೇಷ್ಟ್ರು ಫೋನನ್ನು ಮೂಗಿನ ಹತ್ತಿರ ಹಿಡಿದರು. ಶಾಲೆಯ ಬೋರ್ಡಿನಲ್ಲಿ 'ಪಾಟಶಾಲೆ' ಎಂದಿತ್ತು. ಮಹಾಪ್ರಾಣ ಬಿಟ್ಟಿದ್ದಕ್ಕೆ ಅಲ್ಲೇ ಒಂದು ಸ್ಟಾರು ಕಿತ್ತುಕೊಂಡರು. ಕನ್ನಡಕದವನ ಪ್ರಾಣವೂ ಅದರ ಜೊತೆಗೇ ಹೋಯಿತು. ಅಷ್ಟರಲ್ಲಿ ಆಟದೊಳಗಿನ ಮೇಷ್ಟ್ರು ಬೆತ್ತ ಹಿಡಿದು ಶಾಲೆಯಿಂದ ಹೊರಬಂದರು. ಹೊರಗಿನ ಮೇಷ್ಟ್ರು ಬಹಳ ಹೊತ್ತು ನೋಡಿದರು.

"ನನಗೆ ಇಷ್ಟೊಂದು ಕೂದಲಿತ್ತೇನಯ್ಯ?"

"ಇತ್ತು ಮೇಷ್ಟ್ರೇ. ಎಣ್ಣೆ ಹಚ್ಚಿ ಹಿಂದಕ್ಕೆ ಬಾಚ್ತಿದ್ರಿ."

ಮೇಷ್ಟ್ರು ತಮ್ಮ ಬೋಳು ತಲೆಯನ್ನೊಮ್ಮೆ ಸವರಿಕೊಂಡು, ಕಿತ್ತುಕೊಂಡ ಸ್ಟಾರನ್ನು ವಾಪಸು ಕೊಟ್ಟರು. ಅರ್ಧ ಬೆಳಗು ಕಳೆದು, ಮೂರು ಇದ್ದದ್ದು ಮೂರೇ ಆಯಿತು.

ಹೊರಗೆ ಬಂದರೆ ಮೆಟ್ಟಿಲ ಮೇಲೆ ಮೇಲ್ಮನೆ ಅತ್ತೆ ಕಾದು ನಿಂತಿದ್ದರು. ಅತ್ತೆ ಅಂದರೆ ಸಂಬಂಧದ ಅತ್ತೆಯಲ್ಲ, ಬೀದಿಗೆಲ್ಲ ಅತ್ತೆ. ಯಾರ ಮನೆಯ ಒಲೆ ಎಷ್ಟು ಹೊತ್ತಿಗೆ ಉರಿಯುತ್ತದೆ ಅನ್ನುವುದೂ ಅವರಿಗೆ ಗೊತ್ತು.

"ಮೇಷ್ಟ್ರ ಹತ್ರ ಅಂಕ ಕೇಳಕ್ಕೆ ಹೋಗಿದ್ಯಾ? ನನ್ನ ಕೇಳಬಾರದಿತ್ತಾ? ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಷ್ಟು ಜನ ಇದ್ದಾರೆ ಗೊತ್ತಾ?"

"ಬೇಡ ಅತ್ತೆ, ಆಡಿದೋರು ಬರೆದ್ರೆ ಸಾಕು."

"ಆಡೋದೇನು ಬಂತು. ನಿನ್ನ ಎತ್ತಿ ಆಡಿಸಿದೋರಲ್ವಾ ನಾವೆಲ್ಲ."

ಅವನು ಮನೆಗೆ ಬಂದು ನೀರು ಕುಡಿಯುವಷ್ಟರಲ್ಲಿ ಐದೈದು ಸ್ಟಾರುಗಳು ದಬದಬ ಬೀಳತೊಡಗಿದವು. ಸರಾಸರಿ ಏರಿತು, ಅವನ ಎದೆಯೂ ಉಬ್ಬಿತು. ಆಮೇಲೆ ಒಂದೊಂದಾಗಿ ಓದಿದ. ಎಲ್ಲದರಲ್ಲೂ ಒಂದೇ ಬರಹ: "ಅದ್ಭುತ ಆಟ. ಹುಡುಗ ಸಂಭಾವಿತ, ಕುಡಿಯುವುದಿಲ್ಲ, ಇನ್ನೂ ಮದುವೆಯಾಗಿಲ್ಲ. ಇದನ್ನು ಹಾಗೇ ಕಾಪಿ ಮಾಡಿ ಹಾಕಿ, ಐದು ಒತ್ತುವುದು ಮರೆಯಬೇಡಿ."

ಊಟದ ಹೊತ್ತಿಗೆ ಆನ್‌ಲೈನ್ ಅಂಗಡಿಯಿಂದ ಸಂದೇಶ ಬಂತು. ನಕಲಿ ವಿಮರ್ಶೆಗಳನ್ನು ತೆಗೆದುಹಾಕಲಾಗಿದೆ, ಇನ್ನೊಮ್ಮೆ ಹೀಗಾದರೆ ಆಟವನ್ನೇ ತೆಗೆಯಲಾಗುವುದು, ಗ್ರಾಹಕರು ನಮ್ಮ ವಿಮರ್ಶೆಗಳನ್ನು ನಂಬಿ ಬರುತ್ತಾರೆ. ಅವನು ಅತ್ತೆಯ ಮನೆಯ ಕಡೆ ನೋಡಿದ. ಅತ್ತೆ ಬಾಲ್ಕನಿಯಿಂದ ಹೆಬ್ಬೆರಳೆತ್ತಿ ತೋರಿಸಿದರು.

ಮಧ್ಯಾಹ್ನ ಕಳೆದಂತೆ ಎಲ್ಲೆಲ್ಲಿಯವರೋ ಆಡಿ, ನಾಲ್ಕು, ಐದು ಕೊಡುತ್ತ ಬಂದರು. ಇನ್ನೊಂದು ಗುಟುಕು ಸಿಕ್ಕರೆ ಗೆದ್ದೆ ಅಂದುಕೊಳ್ಳುವಾಗ ಬೆನ್ನುಬೆನ್ನಿಗೆ ಎರಡು ವಿಮರ್ಶೆ ಬಂದವು.

ಮೊದಲನೆಯದು ಐದು ಸ್ಟಾರಿನದು. "ಕಣ್ಣು ತುಂಬಿ ಬಂತು. ಇಂಥ ಸ್ನೇಹ ಈಗೆಲ್ಲಿದೆ? ಆ ಹುಡುಗರಿಬ್ಬರನ್ನು ಎಷ್ಟು ನೋಡಿದರೂ ಸಾಲದು. ಈ ಆಟ ಮಾಡಿದ ಕೈ ತಣ್ಣಗಿರಲಿ."

ಕನ್ನಡಕದವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಇಂಥ ಮಾತು ಬರೆಯಲು ಇನ್ಯಾರಿಂದ ಸಾಧ್ಯ? ಟ್ರಿಣ್ ಚಿಕ್ಕಂದಿನಿಂದಲೂ ಹೀಗೇ, ಹೂವಿನಂಥ ಮನಸ್ಸಿನವನು, ಒಂದು ದಿನವೂ ಗಟ್ಟಿಯಾಗಿ ಮಾತಾಡಿದವನಲ್ಲ. ಅವನು ತಕ್ಷಣ ಕೆಳಗೆ ಉತ್ತರ ಬರೆದ: "ಟ್ರಿಣ್, ನೀನೇನಾ? ನಾನು ಕಣೋ. ಇಲ್ಲೇ ಇದ್ದೀನಿ, ಅದೇ ಮನೇಲಿ." ಅವಸರಕ್ಕೆ ನಾಲ್ಕು ಸಲ ತಪ್ಪು ಒತ್ತಿದ.

ಎರಡನೆಯದು ಒಂದು ಸ್ಟಾರಿನದು. "ಡುಬಾಕ್ ಆಟ. ಟೈರು ಯಾರದ್ದು ಅಂತ ಎಲ್ಲೂ ಹೇಳಿಲ್ಲ. ಬೆಲ್ಲು ಹೊಡೆಯುವ ಹುಡುಗ ಮುಂದೆ ಓಡುವುದು ಶುದ್ಧ ತಪ್ಪು. ಇದನ್ನು ನಂಬಿ ಯಾರೂ ಮೋಸ ಹೋಗಬೇಡಿ."

ಸರಾಸರಿ ನಾಲ್ಕರ ಹೊಸಿಲಿನಿಂದ ಜಾರಿ ಕೆಳಗೆ ಬಿತ್ತು. ಅವನಿಗೆ ಮೈಯೆಲ್ಲ ಉರಿಯಿತು. ಟೈರು ಯಾರದ್ದು ಅಂತೆ. ಆಟ ಆಡುವವರು ಯಾರಾದರೂ ಇಂಥ ಪ್ರಶ್ನೆ ಕೇಳುತ್ತಾರೆಯೇ? ಷಷ್ಠೀ ವಿಭಕ್ತಿಯ ಮೇಲೆ ಪ್ರಾಣ ಇಟ್ಟುಕೊಂಡವರು ಮಾತ್ರ ಕೇಳುತ್ತಾರೆ. ಮತ್ತೆ ಮೇಷ್ಟ್ರ ಮನೆಗೆ ಓಡಿದ.

"ಮೇಷ್ಟ್ರೇ, ಮೂರು ಕೊಟ್ಟಿದ್ದು ಸಾಲದು ಅಂತ ಇನ್ನೊಂದು ಫೋನಿಂದ ಬೇರೆ ಬರೆದ್ರಾ?"

ಮೇಷ್ಟ್ರು ಓದಿ ಮುಖ ಸಿಂಡರಿಸಿದರು. "ನಾನು ಬರೆದಿದ್ರೆ ಸಹಿ ಹಾಕ್ತಿದ್ದೆ. ಮತ್ತೆ 'ಡುಬಾಕ್' ಅನ್ನೋ ಪದ ನನ್ನ ಬಾಯಲ್ಲಿ ಬರುತ್ತೇನಯ್ಯ?"

"ಗುರುತು ಸಿಗಬಾರದು ಅಂತ ಹಾಗೆ ಬರೆದಿದ್ದೀರಿ."

"ಹೊರಗೆ ನಡಿ" ಅಂದರು ಮೇಷ್ಟ್ರು. ಶಾಲೆಯಲ್ಲಿದ್ದಾಗ ಅಂದ ಧಾಟಿಯಲ್ಲೇ ಅಂದರು.

ಹೊರಗೆ ನಡೆದವನು ಜಗಲಿಯ ಮೇಲೇ ಕೂತು ಆನ್‌ಲೈನ್ ಅಂಗಡಿಗೆ ದೂರು ಕೊಟ್ಟ. ಆ ಕಡೆಯಿಂದ ವಿಚಾರಣಾಧಿಕಾರಿ ಚಾಟಿನಲ್ಲಿ ಕೇಳಿದ, "ಇದು ನಕಲಿ ಎಂದು ಹೇಗೆ ಹೇಳುತ್ತೀರಿ?"

"ಸಾರ್, ಇದನ್ನ ಬರೆದೋರು ನನಗೆ ಚೆನ್ನಾಗಿ ಗೊತ್ತಿರೋರು. ಚಿಕ್ಕಂದಿನಿಂದ ನೋಡಿದ್ದೀನಿ. ಆಟದ ಬಗ್ಗೆ ಅಲ್ಲ, ನನ್ನ ಮೇಲಿನ ಹಳೇ ಸಿಟ್ಟಿಗೆ ಬರೆದಿದ್ದಾರೆ. ಆಣೆ ಮಾಡಿ ಹೇಳ್ತೀನಿ."

ಅಧಿಕಾರಿ ಯೋಚಿಸಿದ. ಮಧ್ಯಾಹ್ನ ಇವನ ಕಡೆಯವರ ಹೊಗಳಿಕೆಯನ್ನೇ ತೆಗೆಸಿದ್ದರಿಂದ, ಈಗ ಇವನ ಮಾತು ಕೇಳಿದರೆ ತಕ್ಕಡಿ ಸಮವಾಗುತ್ತದೆ ಅನ್ನಿಸಿರಬೇಕು. ಒಂದು ಸ್ಟಾರು ಮಾಯವಾಯಿತು. ಸಂಜೆಯ ಗಡುವಿಗೆ ಸರಾಸರಿ ನಾಲ್ಕನ್ನು ಕೂದಲೆಳೆಯಷ್ಟು ದಾಟಿ, ಆಟ ಮುಖಪುಟಕ್ಕೆ ಏರಿಯೇಬಿಟ್ಟಿತು.

ಬೀದಿಗೆ ಬೀದಿಯೇ ಅವನ ಮನೆಯಲ್ಲಿ ಸೇರಿತು. ಟೈಲರ್ ಬಂದವರಿಗೆಲ್ಲ ಐದು ಅಂದರೆ ಮೊದಲು ಅನ್ನುವ ಲೆಕ್ಕ ಕಲಿಸುತ್ತಿದ್ದ. ಅತ್ತೆ ಇದೆಲ್ಲ ತಮ್ಮ ಗುಂಪಿನ ಮಹಿಮೆ ಅಂದರು. ಸಿಟ್ಟು ಮಾಡಿಕೊಂಡ ಮೇಷ್ಟ್ರೂ ಬಂದು, ಯಾರನ್ನೂ ಮಾತಾಡಿಸದೆ ಟೀ ಕುಡಿದರು.

ಎಲ್ಲರೂ ಹೋದಮೇಲೆ ಕನ್ನಡಕದವನು ಫೋನನ್ನು ಅಮ್ಮನ ಮುಂದೆ ಹಿಡಿದ. "ಅಮ್ಮ, ಟ್ರಿಣ್ ಸಿಕ್ಕಿದ. ನೋಡು, ಏನು ಬರೆದಿದ್ದಾನೆ. ಆಟ ಮಾಡಿದ ಕೈ ತಣ್ಣಗಿರಲಿ ಅಂತೆ."

ಅಮ್ಮ ಲೋಟಗಳನ್ನು ಎತ್ತುತ್ತಿದ್ದವಳು ಅಳುಕಿದಳು. "ಅದು ನಂದು ಕಣೋ. ಬೆಳಿಗ್ಗೆಯಿಂದ ಸಪ್ಪೆ ಮುಖ ಹಾಕ್ಕೊಂಡು ಓಡಾಡ್ತಿದ್ದೆ, ನೋಡಕ್ಕಾಗಲಿಲ್ಲ. ನಾನು ಹೇಳಿದೆ, ಅತ್ತೆ ಒತ್ತಿದ್ರು."

ಅವನು ಕುರ್ಚಿಯಲ್ಲಿ ಕುಸಿದ. "ಹಾಗಾದ್ರೆ ಅವನು ಬರೀಲೇ ಇಲ್ವಾ?"

"ಬರೆದ್ರೂ ಹೀಗ್ಯಾಕೆ ಬರೀತಾನೆ? ಸೈಕಲ್ ಅಂಗಡಿಯವನ ಮಗ ಅಲ್ವಾ ಅವನು? ನೀವಿಬ್ರೂ ನಾಯಿ ಬೆಕ್ಕಿನ ಹಾಗೆ ಕಚ್ಚಾಡ್ತಿದ್ರಲ್ಲೋ."

"ಇಲ್ಲಮ್ಮ. ನಾನು ಟೈರು ಹೊಡೀತಿದ್ದೆ, ಅವನು ಮುಂದೆ ಓಡ್ತಾ ಬೆಲ್ಲು..."

"ಮುಂದೆ ಎಲ್ಲಿ ಓಡ್ತಿದ್ದ? ಹಿಂದೆ ಓಡ್ತಿದ್ದ. ಟೈರು ಅವನದ್ದು. ಅವರಪ್ಪ ಕೊಟ್ಟಿದ್ದು. ನೀನು ಕಿತ್ಕೊಂಡು ಓಡೋದು, ಅವನು ಕೊಡೋ ಕೊಡೋ ಅಂತ ಕಿರುಚ್ಕೊಂಡು ನಿನ್ನ ಅಟ್ಟಿಸ್ಕೊಂಡು ಬರೋದು. ಆ ಕಿರುಚಾಟಕ್ಕೇ ಅಲ್ವೇನೋ ಅವನಿಗೆ ಟ್ರಿಣ್ ಅಂತ ಹೆಸರು ಬಿದ್ದಿದ್ದು. ಹೋಗೋ ದಿನಾನೂ ಅತ್ಕೊಂಡೇ ಹೋದ ಪಾಪ, ಟೈರು ನಮ್ಮನೆಯಲ್ಲೇ ಉಳೀತು."

ಇಷ್ಟು ವರ್ಷ ಜೋಪಾನವಾಗಿ ಕಾಪಾಡಿಕೊಂಡು ಬಂದ ನೆನಪಿಗೆ ಕನ್ನಡಕದವನು ತಾನೇ ಐದು ಸ್ಟಾರು ಕೊಟ್ಟುಕೊಂಡು ಕೂತಿದ್ದ. ಇಡೀ ದಿನದಲ್ಲಿ ಒಬ್ಬನೇ ಒಬ್ಬ ಸತ್ಯ ಬರೆದಿದ್ದ. ಅದನ್ನು ತಾನೇ ಆಣೆ ಮಾಡಿ ತೆಗೆಸಿದ್ದ.

ಗಡಬಡಿಸಿ ಆನ್‌ಲೈನ್ ಅಂಗಡಿಯ ಚಾಟ್ ತೆರೆದ. "ಸಾರ್, ಆ ಒಂದು ಸ್ಟಾರಿನ ವಿಮರ್ಶೆ ವಾಪಸ್ ಹಾಕಿ. ಅದು ನಿಜವಾದದ್ದು. ಬರೆದವನು ನನ್ನ ಗೆಳೆಯ. ಅವನ ಫೋನೋ, ವಿಳಾಸವೋ, ಏನಾದರೂ ಕೊಡಿ, ನಿಮ್ಮ ದಮ್ಮಯ್ಯ."

ಉತ್ತರ ಬೇಗ ಬಂತು. "ನಿಮ್ಮ ದೂರಿನ ಮೇರೆಗೆ ಆ ಖಾತೆಯನ್ನು ಶಾಶ್ವತವಾಗಿ ಮುಚ್ಚಿ, ವಿವರಗಳನ್ನು ಅಳಿಸಿದ್ದೇವೆ. ಅವರು ಇನ್ನು ಮುಂದೆ ನಿಮಗೆ ತೊಂದರೆ ಕೊಡಲಾರರು. ನಿಮ್ಮಂಥ ಪ್ರಾಮಾಣಿಕರಿಂದಲೇ ಜನ ನಮ್ಮ ವಿಮರ್ಶೆಗಳನ್ನು ನಂಬುತ್ತಾರೆ. ನಮ್ಮ ಸೇವೆಗೆ ಎಷ್ಟು ಸ್ಟಾರು ಕೊಡುತ್ತೀರಿ?"

ಅವನು ಹಲ್ಲು ಕಚ್ಚಿ ಒಂದನ್ನು ಒತ್ತಿದ.

"ಧನ್ಯವಾದ. ನಿಮ್ಮ ವಿಮರ್ಶೆ ಹಳೇ ಸಿಟ್ಟಿನಿಂದ ಬರೆದದ್ದೇ ಎಂದು ಪರಿಶೀಲಿಸಲಾಗುತ್ತಿದೆ" ಎಂದು ಬಂತು.