ಕುಮಟೆ ಗಟ್ಟಿ ಎಂದು ನಂಬಿದ್ದು

ಗಣಿತ ಕಲಿಸುವವನಿಗೆ ಮನುಷ್ಯರ ಲೆಕ್ಕವೂ ಬರುತ್ತದೆ ಎಂದು ಊರವರು ನಂಬಿಬಿಡುತ್ತಾರೆ. ಊರವರು ನಂಬಿದರೆ ಚಿಂತೆಯಿಲ್ಲ, ಮಾಸ್ತರನೇ ನಂಬಿದರೆ ಕಷ್ಟ. ನಾನು ನಂಬಿದ್ದೆ.

ಎರಡನೆಯ ಮಹಾಯುದ್ಧದ ಕಾಲ. ನಾನಾಗ ಕುಮಟೆ ಹತ್ತಿರದ ಬಾಡದಲ್ಲಿ ಮಾಸ್ತರ. ಭಟ್ಕಳ, ಹೊನ್ನಾವರ, ಕುಮಟೆ ಮೂರೂ ತಾಲೂಕಿನ ಶಿಕ್ಷಕರ ಸಂಘಕ್ಕೆ ಅಧ್ಯಕ್ಷರ ಚುನಾವಣೆ ಬಂತು. ಅಮೆರಿಕದಲ್ಲಿ ಒಂದು ರಾಜ್ಯದಲ್ಲಿ ಮುಂದೆ ಬಂದವನಿಗೆ ಆ ರಾಜ್ಯದ ಮತವೆಲ್ಲ ಸಲ್ಲುತ್ತದೆ ಎಂದು ಸಂಘದ ಕಾರ್ಯದರ್ಶಿ ಯಾವುದೋ ಪತ್ರಿಕೆಯಲ್ಲಿ ಓದಿ ಮರುಳಾಗಿದ್ದರು. ನಮಗೂ ಅದೇ ನಿಯಮ ಮಾಡಿದರು. ಒಂದೇ ಮತ ಹೆಚ್ಚು ಬಂದರೂ ಇಡೀ ತಾಲೂಕು ಅವನದು. ಎರಡು ತಾಲೂಕು ಗೆದ್ದವನು ಅಧ್ಯಕ್ಷ.

ನಮ್ಮ ಹೆಡ್ ಮಾಸ್ತರು ಸುಬ್ರಾಯರು ನಿಂತರು. ಅವರಿಗೆ ಪದವಿಯ ಆಸೆಯಿರಲಿಲ್ಲ. ಹಿಂದಿನ ವರ್ಷ ನಮ್ಮ ಶಾಲೆಯ ತಿಮ್ಮಪ್ಪ ಮಾಸ್ತರನಿಗೆ ನಡು ಮಳೆಗಾಲದಲ್ಲಿ ಹೊನ್ನಾವರದಾಚೆಯಿಂದ ಇಲ್ಲಿಗೆ ವರ್ಗವಾಗಿ, ಅವನು ಬಾಣಂತಿ ಹೆಂಡತಿಯನ್ನೂ ಹಸುಗೂಸನ್ನೂ ದೋಣಿಯಲ್ಲಿ ಕೂರಿಸಿ ತುಂಬಿದ ಶರಾವತಿ ದಾಟಿ ಬಂದಿದ್ದ. ಮಳೆಗಾಲದ ವರ್ಗ ನಿಲ್ಲಿಸಲು ಸಂಘದ ಪರವಾಗಿ ಕಾರವಾರದ ಜಿಲ್ಲಾ ಕಚೇರಿಗೆ ಹೋಗಿ ಜಗಳಾಡಬೇಕೆಂದು ಸುಬ್ರಾಯರ ಹಟ. ಎದುರಾಳಿ ಭಟ್ಕಳದ ಮಾಸ್ತರರೊಬ್ಬರು. ಸಾಹೇಬರು ಕಳಿಸಿದಲ್ಲಿಗೆ ಹೋಗುವುದೇ ಧರ್ಮ ಎನ್ನುವವರು.

ಪ್ರಚಾರದ ಯಜಮಾನಿಕೆ ನನಗೆ ಬಂತು. ನಮ್ಮ ಬಲವೆಂದರೆ ನಾಲ್ಕು ದಿನಕ್ಕೆ ಎರವಲು ಸಿಕ್ಕಿದ ಒಂದು ಕಾರು. ಪೆಟ್ರೋಲ್ ಸಿಗದ ದಿನಗಳಾದ್ದರಿಂದ ಅದು ಇದ್ದಿಲಿನ ಹೊಗೆಯಿಂದ ಓಡುತ್ತಿತ್ತು. ಓಡುವ ಮೊದಲು ನಾಲ್ಕು ಜನ ತಳ್ಳಬೇಕಿತ್ತು. ನಾನು ಕಾಗದ ಹಿಡಿದು ಕೂತೆ. ಭಟ್ಕಳ ಎದುರಾಳಿಯ ಊರು, ಬಿಟ್ಟುಬಿಡಿ. ಕುಮಟೆ ನಮ್ಮದೇ, ಗಟ್ಟಿ. ಹೊನ್ನಾವರ ಅತ್ತಿತ್ತ ತೂಗುತ್ತಿದೆ. ಆದ್ದರಿಂದ ನಾಲ್ಕು ದಿನವೂ ಹೊನ್ನಾವರಕ್ಕೆ.

"ಕುಮಟೆಗೆ ಒಂದು ದಿನ ಆದ್ರೂ ಬೇಡ್ವನ?" ಎಂದರು ಸುಬ್ರಾಯರು.

"ನಮ್ಮವ್ರಲ್ದಾ ಸರ್, ಅವ್ರ ಹತ್ರ ಎಂತ ಕೇಳೂದು?" ಎಂದೆ.

ನಾಲ್ಕು ದಿನ ಹೊನ್ನಾವರ ತಾಲೂಕನ್ನು ಜಾಲಾಡಿದೆವು. ಅಪ್ಸರಕೊಂಡದ ಹತ್ತಿರ ಒಬ್ಬ ಮಾಸ್ತರರು ತಮ್ಮ ಹಸುವಿನ ಕಾಯಿಲೆಯನ್ನು ಮಧ್ಯಾಹ್ನದವರೆಗೂ ವಿವರಿಸಿದರು. ಒಂದು ಮತಕ್ಕಾಗಿ ನಾನು ಆ ಹಸುವಿನ ನಾಲಿಗೆಯನ್ನೂ ನೋಡಿದೆ. ಮತದಾನದ ದಿನ ಹೊಳೆಯಾಚೆ ಉಳಿದಿದ್ದ ಮೂವರನ್ನು ದೋಣಿ ದಾಟಿಸಿ ಹೊನ್ನಾವರಕ್ಕೆ ತಂದು ಮುಟ್ಟಿಸಿದವನೂ ನಾನೇ.

ಮರುದಿನ ಫಲಿತಾಂಶ ಬಂತು. ಹೊನ್ನಾವರದಲ್ಲಿ ಭಾರಿ ಗೆಲುವು, ಭಟ್ಕಳದಲ್ಲಿ ನಾಲ್ಕೇ ಮತದ ಸೋಲು. ಫಲಿತಾಂಶ ತಂದ ಭಟ್ಕಳದ ಇನ್ನೊಬ್ಬ ಮಾಸ್ತರರು ನನ್ನನ್ನು ಬದಿಗೆ ಕರೆದು, "ಎಂತ ಮಾಸ್ತರ್ರೆ, ಒಂದ್ಸಲ ಬಂದು ಕೇಳಿದ್ರೆ ಸಾಕಿತ್ತು. ನಮ್ಮ ಬದಿಗೂ ಮಳೆ ಹೊಯ್ತದೆ" ಎಂದರು.

ಕುಮಟೆಯಲ್ಲಿ ಒಂದು ಮತದಿಂದ ಸೋತಿದ್ದೆವು.

ತಿಮ್ಮಪ್ಪ ಮುಚ್ಚುಮರೆ ಮಾಡಲಿಲ್ಲ. "ನಾನು ಆಚೆಯವ್ರಿಗೇ ಹಾಕಿದೆ. ಅವ್ರು ಭಟ್ಕಳದಿಂದ ಬಂದು, ಶಿಶು ಹ್ಯಾಂಗಿದ್ದು ಅಂತ ಕೇಳಿದ್ರು. ನೀವು ದಿನಾ ನನ್ನ ಹತ್ರ ಕಾರು ತಳ್ಳಿಸ್ಕಂಡು ಹೋದ್ರಿ. ಹೊಗೆ ಬಿಟ್ರೆ ನಂಗೆಂತ ಸಿಕ್ತು?"

ಸಂಜೆ ಸುಬ್ರಾಯರ ಮನೆಗೆ ಹೋದೆ. ಅವರು ಕನ್ನಡಕ ಒರೆಸುತ್ತ, "ಒಂದೇ ಮತ ನೋಡು. ಸಮ ಆಗಿದ್ರೆ ತಾಲೂಕು ಸೇವೆಯಲ್ಲಿ ಹಿರಿಯರಿಗೆ ಅಂತ ನಿಯಮ. ಹಿರಿಯ ನಾನೇ ಇದ್ದೆ" ಎಂದರು. ಕನ್ನಡಕ ಏರಿಸಿಕೊಂಡು, "ನಿನ್ನೆ ನೀನು ಎಷ್ಟು ಹೊತ್ತಿಗೆ ಬಂದು ಮತ ಹಾಕ್ದೆ?" ಎಂದು ಕೇಳಿದರು.

ಗೋಡೆಯ ಮೇಲೊಂದು ಹಲ್ಲಿ ಇತ್ತು. ಅದನ್ನೇ ನೋಡುತ್ತ, "ಆ ಮೂವರನ್ನು ಮುಟ್ಟಿಸಿ ಬರೂದ್ರೊಳಗೆ ಇಲ್ಲಿ ಮತದ ಪೆಟ್ಟಿಗೆ ಮುಚ್ಚಿತ್ತು ಸರ್. ನನ್ನ ಮತ ಹ್ಯಾಂಗೂ ನಿಮಗೇ ಅಂತ..." ಎಂದೆ.

ಅವರು ಬೈದಿದ್ದರೆ ಸಮರ್ಥಿಸಿಕೊಳ್ಳಲು ಆ ಲೆಕ್ಕದ ಕಾಗದ ಜೇಬಿನಲ್ಲೇ ಇತ್ತು. ಬೈಯಲಿಲ್ಲ. "ಆತು, ಕೈಕಾಲು ತೊಳ್ಕ, ಊಟಕ್ಕೆ ಕೂರು" ಎಂದರು. ತಲೆ ಬಗ್ಗಿಸಿ ಕೂತೆ. ಎರಡು ಸಲ ಸಾರು ಬಡಿಸಿಕೊಂಡೆ ಎಂಬುದನ್ನು ಮಾತ್ರ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.