ಥಿಯೇಟರಿಗೊಂದು ಏಳು ಸುತ್ತಿನ ಕೋಟೆ

ತೈಸ್ತೊನ ಮನೆಯಲ್ಲಿ ಮೊದಲ ಮರ್ಯಾದೆ ಹೋಮ್ ಥಿಯೇಟರಿಗೆ, ಎರಡನೆಯದು ಬೆಕ್ಕಿಗೆ, ಏನಾದರೂ ಮಿಕ್ಕಿದ್ದರೆ ಹೆಂಡತಿಗೆ. ಹೀಗೆಂದು ಹೆಂಡತಿ ಇರ್ಯಾಳ ದೂರು. ತೈಸ್ತೊ ಇದನ್ನು ಪೂರ್ತಿ ಅಲ್ಲಗಳೆಯುತ್ತಿರಲಿಲ್ಲ. (ಬೆಕ್ಕಿನ ಸ್ಥಾನದ ಬಗ್ಗೆ ಮಾತ್ರ ಅವನಿಗೆ ತಕರಾರಿತ್ತು.)

ಪಾಪ, ಅವನದೂ ತಪ್ಪಲ್ಲ. ಫಿನ್‌ಲೆಂಡಿನ ಆ ಕಾಡುಸೀಮೆಯಲ್ಲಿ ಕರೆಂಟು ಇರುವುದೇ ಮರಗಳ ದಯೆಯಿಂದ. ಚಳಿಗಾಲದಲ್ಲಿ ಹಿಮ ಹೊತ್ತು ಸುಸ್ತಾದ ಮರವೊಂದು ತಂತಿಗೆ ಒರಗಿತೆಂದರೆ ಊರೆಲ್ಲ ಕತ್ತಲು. ಹೋದ ಕರೆಂಟು ವಾಪಸು ಬರುವಾಗಲಾದರೂ ಮೆಲ್ಲಗೆ ಬರುತ್ತದೆಯೇ? ಕುಡಿದ ಭಾವಮೈದನ ಹಾಗೆ ಬಾಗಿಲು ಒದ್ದುಕೊಂಡು ಬರುತ್ತದೆ. ಬೇಸಿಗೆಯಲ್ಲಿ ಸಿಡಿಲಿನ ಕಾಟ. ದೂರದಲ್ಲೆಲ್ಲೋ ಗುಡುಗಿದರೂ ಅಲ್ಲಿಯ ಜನ ಮೊದಲು ಓಡುವುದು ಪ್ಲಗ್ ಕೀಳುವುದಕ್ಕೆ. ಮಕ್ಕಳನ್ನು ಒಳಗೆ ಕರೆಯುವುದು ಆಮೇಲೆ. ಹೋದ ಬೇಸಿಗೆ ಗುಡುಗಿದಾಗ ತೈಸ್ತೊ ಹಿತ್ತಲ ಸೌನಾದ ಉಗಿಯಲ್ಲಿ ಬೆವರುತ್ತಿದ್ದ. ಹುಟ್ಟುಡುಗೆಯಲ್ಲೇ ಅಂಗಳ ದಾಟಿ ಓಡಿ ಬಂದರೂ ಸಿಡಿಲು ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಆಂಪ್ಲಿಫೈಯರ್ ಸ್ವರ್ಗಸ್ಥವಾಯಿತು.

ಹೊಸದು ಬಂದ ಮೇಲೆ ಅದರ ಸುತ್ತ ಕೋಟೆ ಎದ್ದಿತು. ಮೀಟರಿನ ಬಳಿ ಸಿಡಿಲುತಡೆ, ಗೋಡೆಗೆ ಸ್ಪೈಕ್ ಗಾರ್ಡ್, ಆಂಟೆನಾ ತಂತಿಗೆ ಇನ್ನೊಂದು ಕಾವಲು, ಕಟ್ಟಕಡೆಗೆ ಗರ್ಭಗುಡಿಯ ಪಕ್ಕದಲ್ಲಿ ಹಂದಿಮರಿ ಗಾತ್ರದ ಯುಪಿಎಸ್.

"ನನ್ನ ಇಸ್ತ್ರಿಪೆಟ್ಟಿಗೆ ಒಂದ್ನಿಮಿಷ ಇದಕ್ಕೆ ಹಾಕ್ಕೊಳ್ಲಾ?" ಎಂದು ಇರ್ಯಾ ಕೇಳಿದಳು.

"ಮಾರಾಯ್ತಿ, ಅದರ ಹತ್ರ ಕೆಮ್ಮಲೂ ಬೇಡ!"

ಆ ಡಿಸೆಂಬರಿನಲ್ಲಿ ಮಾತ್ರ ಇಬ್ಬರೂ ಒಂದೇ ಪಕ್ಷ ಸೇರಿದರು. ಆಂಬುಲೆನ್ಸಿನಲ್ಲಿ ನರ್ಸ್ ಆಗಿದ್ದ ಮಗಳು ಮಿಯಾಗೆ ಸ್ವಾತಂತ್ರ್ಯ ದಿನದ ಸಂಜೆಯ ಸಮಾರಂಭಕ್ಕೆ ರಾಷ್ಟ್ರಾಧ್ಯಕ್ಷರ ಅರಮನೆಯಿಂದ ಆಮಂತ್ರಣ ಬಂದಿತ್ತು. ಅತಿಥಿಗಳು ಸಾಲಾಗಿ ಬಂದು ಅಧ್ಯಕ್ಷರ ಕೈ ಕುಲುಕುವುದನ್ನು ಇಡೀ ದೇಶ ಟಿವಿಯ ಮುಂದೆ ಕೂತು ನೋಡುತ್ತದೆ. (ನೋಡುವುದು ಕೈಯನ್ನಲ್ಲ, ಉಟ್ಟ ಬಟ್ಟೆಯನ್ನು.) ಮಿಯಾಳ ಕಡುನೀಲಿ ಮಖಮಲ್ಲಿನ ಉದ್ದ ನಿಲುವಂಗಿಯನ್ನು ಇರ್ಯಾ ತಾನೇ ಹೊಲಿದು, ಬಿಚ್ಚಿ, ಮತ್ತೆ ಹೊಲಿದು ಪಾರ್ಸೆಲ್ ಕಳಿಸಿದ್ದಳು. ಮಗಳ ಮೈಮೇಲೆ ಅದನ್ನು ಕಂಡಿರಲಿಲ್ಲ.

"ಒಂದೇ ಒಂದು ಸಲ, ಅವಳು ನಡೆಯುವಾಗ ಅಂಚು ಹೇಗೆ ಬೀಳುತ್ತೆ ಅಂತ ನೋಡಿಬಿಟ್ರೆ ಸಾಕು ನಂಗೆ," ಎಂದಳು. ಅವಳ ದನಿ ನಡುಗಿದ್ದು ಕೇಳಿ ತೈಸ್ತೊ ಸ್ಪೈಕ್ ಗಾರ್ಡನ್ನು ಇನ್ನೊಮ್ಮೆ ಒತ್ತಿ ನೋಡಿದ. ಪ್ರೀತಿ ತೋರಿಸಲು ಅವನಿಗೆ ಗೊತ್ತಿದ್ದ ದಾರಿ ಅದೊಂದೇ.

ಸ್ವಾತಂತ್ರ್ಯ ದಿನದ ಸಂಜೆ, ಪದ್ಧತಿಯಂತೆ, ಎಲ್ಲ ಮನೆಗಳ ಹಾಗೆ ಇವರ ಕಿಟಕಿಯಲ್ಲೂ ಎರಡು ಮೇಣದಬತ್ತಿ ಉರಿದವು. ಹೊರಗೆ ಹಿಮ ಸುರಿಯುತ್ತಿತ್ತು. ತೆರೆಯ ಮೇಲೆ ಗಡ್ಡದ ಬಿಷಪ್ಪರೊಬ್ಬರು ಕೈ ಕುಲುಕಿದರು. ದೀಪ ಮಿಣಕ್ ಎಂದಿತು.

"ಹೋಗತ್ತೆ ಕಣೋ ಕರೆಂಟು!"

"ದೇಶಕ್ಕೇ ಹೋಗ್ಲಿ. ನಮ್ಮ ಥಿಯೇಟರಿಗೆ ಹೋಗಲ್ಲ."

ಆಮೇಲೆ ಒಬ್ಬ ಮಂತ್ರಿಣಿ ಬಂದರು. ಅವರ ಹಿಂದೆ ಬಾಗಿಲಲ್ಲಿ ನೀಲಿ ಮಖಮಲ್ಲಿನ ಒಂದು ತುದಿ ಕಂಡಿತು. ಅದೇ ಗಳಿಗೆಯಲ್ಲಿ ಮನೆಯ ದೀಪಗಳೆಲ್ಲ ಆರಿ, ಯುಪಿಎಸ್ ಕೀಂ ಎಂದು ಕಿರುಚಿತು. ಟಿವಿ ಮಾತ್ರ ಒಂಚೂರೂ ಅಲುಗದೆ ಬೆಳಗುತ್ತಲೇ ಇತ್ತು. ತೈಸ್ತೊನ ಜನ್ಮ ಸಾರ್ಥಕವಾಗುವ ಕ್ಷಣ! ಆದರೆ ಅಷ್ಟರಲ್ಲಿ ತೈಸ್ತೊ ಸೋಫಾದಲ್ಲಿರಲಿಲ್ಲ. ಹುಟ್ಟಿದಂದಿನಿಂದ ಬೆಳೆದ ಅಭ್ಯಾಸ ಅವನನ್ನು ಎಬ್ಬಿಸಿ, ಹಾರಿಸಿ, ಗೋಡೆಯ ಮೂಲೆಗೆ ಕೆಡವಿ, ಗೋಡೆಯದು, ಯುಪಿಎಸ್‌ನದು ಎನ್ನದೆ ಇದ್ದಬದ್ದ ಪ್ಲಗ್ಗುಗಳನ್ನೆಲ್ಲ ಕೀಳಿಸಿತ್ತು.

"ಕಿತ್ತೆ!" ಎಂದು ಅವನು ವಿಜಯೋತ್ಸಾಹದಿಂದ ಕೂಗಿದ.

ತೆರೆ ಕಪ್ಪಾಯಿತು.

"ತೈಸ್ತೊ, ಕರೆಂಟು ಹೋದ್ರೂ ಟಿವಿ ನಡೀಲಿ ಅಂತ ತಾನೆ ಇಷ್ಟೆಲ್ಲ ಮಾಡಿದ್ದು?"

"ಹೌದು."

"ನಡೀತಾ ಇತ್ತಲ್ಲ."

"ಹೌದು," ಎಂದ, ಈ ಸಲ ಕೇಳಿಸದಷ್ಟು ಮೆಲ್ಲಗೆ. ಮಂಡಿಯೂರಿದ್ದಲ್ಲೇ ಪ್ಲಗ್ಗನ್ನು ಮತ್ತೆ ಯುಪಿಎಸ್‌ಗೆ ತುರುಕಿದ. ಥಿಯೇಟರು 'ಸ್ವಾಗತ' ಎಂದು ಬರೆದು, ಸ್ಪೀಕರುಗಳನ್ನು ಒಂದೊಂದಾಗಿ ಹುಡುಕತೊಡಗಿತು. ತೈಸ್ತೊನ ಕಣ್ಣಲ್ಲಿ ನೀರು ಬಂತು. "ನಿನ್ನ ಅಂಚು ಹೋಯ್ತಲ್ಲೇ ಇರ್ಯಾ."

ಇರ್ಯಾ ಏನೋ ಹೊಳೆದವಳಂತೆ ಏಪ್ರನ್ನಿನ ಜೇಬಿನಿಂದ ಫೋನು ತೆಗೆದು, ಎರಡು ಸಲ ಒತ್ತಿ, ಅವನ ಪಕ್ಕ ನೆಲಕ್ಕೆ ಕೂತಳು. "ಅಳಬೇಡ ಮಾರಾಯ, ಸರಿದು ಕೂತ್ಕೊ. ಫೋನಲ್ಲಿ ಬರೋದು ಟಿವಿಗಿಂತ ಒಂದಿಷ್ಟು ಹಿಂದೆ ಇರತ್ತೆ."

ಅಂಗೈಯಗಲದ ಗಾಜಿನಲ್ಲಿ ಗಡ್ಡದ ಬಿಷಪ್ಪರು ಇನ್ನೂ ಈಗಷ್ಟೇ ಕೈ ಚಾಚುತ್ತಿದ್ದರು! ತಲೆಗೆ ತಲೆ ತಾಗಿಸಿ ಇಬ್ಬರೂ ಉಸಿರು ಹಿಡಿದರು. ಮಂತ್ರಿಣಿ ಬಂದರು, ಹೋದರು. ಆಮೇಲೆ ಮಿಯಾ ಬಂದಳು. ಹೆಬ್ಬೆರಳಿನಷ್ಟಿದ್ದಳು. ಆದರೆ ನಿಲುವಂಗಿಯ ಅಂಚು ನೆಲವನ್ನು ಸವರಿಯೂ ಸವರದ ಹಾಗೆ ಅವಳ ಹಿಂದೆ ಹರಿದು ಬಂತು.

"ನೇರ ಬಿದ್ದಿದೆ," ಎಂದು ಇರ್ಯಾ ಅತ್ತಳು.

"ನೇರ ಬಿದ್ದಿದೆ," ಎಂದ ತೈಸ್ತೊ. ಅವನು ಮಗಳ ಮುಖ ಬಿಟ್ಟು ಬೇರೇನೂ ನೋಡಿರಲಿಲ್ಲ. ಅಷ್ಟು ಹೊತ್ತಿಗೆ ಥಿಯೇಟರು ಎಚ್ಚೆತ್ತು, ಯಾರೋ ಕರ್ನಲ್ಲನ ಮೀಸೆಯನ್ನು ಗೋಡೆಯಗಲ ತೋರಿಸಿತು.

ಸ್ವಲ್ಪ ಹೊತ್ತಿಗೆ ಮಿಯಾಳ ಫೋನು ಬಂತು. "ಅಮ್ಮಾ, ನೋಡಿದ್ರಾ? ಅಪ್ಪನ ಥಿಯೇಟರಿನಲ್ಲಿ ಎಷ್ಟು ದೊಡ್ಡದಾಗಿ ಕಂಡೆ?"

ತೈಸ್ತೊ ಮೇಣದಬತ್ತಿಯ ಬೆಳಕಿನಲ್ಲಿ, ಹೇಳಬೇಡ ಎಂಬಂತೆ, ಹೆಂಡತಿಗೆ ಕೈ ಮುಗಿದ. ಇರ್ಯಾ ಇನ್ನೊಂದು ಕೈಯಿಂದ ಅವನ ತಲೆಗೂದಲು ಸವರಿದಳು.

"ಎಷ್ಟು ದೊಡ್ಡದಾಗಿ ಅಂದ್ರೆ ಮಗಳೇ, ನಿಮ್ಮಪ್ಪ ಮಂಡಿಯೂರಿದವನು ಇನ್ನೂ ಎದ್ದಿಲ್ಲ."